ಅಮೆರಿಕದ ಬೆಟ್ಟಗಾಡಿನ ಹುಲ್ಲು ರನ್‌ವೇಗಳಿಗೆ ಕಡಿಮೆ ಖರ್ಚಿನಲ್ಲಿ ಹಾರಲು ಕೆಲವರು ಸೇರಿ ವಿಮಾನ ಕೊಳ್ಳುವ ಪಾಲುದಾರಿಕೆ ಒಳ್ಳೆಯದೋ, ಸದಸ್ಯರಿಗೆ ವಿಮಾನ ಕೊಡುವ ಫ್ಲೈಯಿಂಗ್ ಕ್ಲಬ್ ಒಳ್ಳೆಯದೋ?

ನನ್ನ ಮತ ಪಾಲುದಾರಿಕೆಗೆ. ಹ್ಯಾಂಗರ್ ಬಾಡಿಗೆ, ವಿಮೆ, ವರ್ಷದ ತಪಾಸಣೆ, ಇವೆಲ್ಲ ವಿಮಾನ ಹಾರಿದರೂ ನಿಂತರೂ ಬರುವ ಖರ್ಚು. ನಾಲ್ವರು ಸೇರಿ ಸೆಸ್ನಾ 182 ಎಂಬ ನಾಲ್ಕು ಸೀಟಿನ ಹಳೆಯ ಚಿಕ್ಕ ವಿಮಾನ ಕೊಂಡರೆ ತಲೆಗೆ ಕಾಲು ಭಾಗ ಅಷ್ಟೇ. ಇಂಧನದ ದುಡ್ಡು ಹಾರಿಸಿದವರದು. ಎಂಜಿನ್ ಪೂರ್ತಿ ಬಿಚ್ಚಿ ಸರಿಪಡಿಸುವ ಓವರ್‌ಹಾಲ್‌ಗೂ ಹಾರಿದ ಗಂಟೆಗಿಷ್ಟು ಅಂತ ಮೊದಲ ದಿನದಿಂದಲೇ ತೆಗೆದಿಡಿ.

ಕ್ಲಬ್ ಇನ್ನೂ ಅಗ್ಗವಾಗಬಹುದು. ಆದರೆ ಸೇರುವ ಮುನ್ನ ನಿಯಮ ಓದಿ. ಎಷ್ಟೋ ಕ್ಲಬ್‌ಗಳು ಡಾಂಬರು ಹಾಕದ ರನ್‌ವೇಯಲ್ಲಿ ಇಳಿಯಲು ಬಿಡುವುದಿಲ್ಲ. ಐಡಾಹೊ ರಾಜ್ಯದ ಜಾನ್ಸನ್ ಕ್ರೀಕ್‌ನಂಥ ಹುಲ್ಲು ರನ್‌ವೇಗೆ ಹೋಗಲಾಗದಿದ್ದರೆ ಸೇರಿ ಏನು ಪ್ರಯೋಜನ, ಅಲ್ವಾ? ಪಾಲುದಾರಿಕೆಯಲ್ಲೂ ವಿಮೆ ಇಂಥ ಕಡೆ ಅನ್ವಯಿಸುತ್ತದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ.

ಒಂದು ಮಾತು: ಬೆಟ್ಟದ ಹಾರಾಟ ಬಲ್ಲ ತರಬೇತುದಾರರ ಜೊತೆ ಕಲಿಯದೆ ಸುಮ್ನೆ ಹೊರಡಬೇಡಿ. ಬೇಸಿಗೆ ಮಧ್ಯಾಹ್ನ ಅಲ್ಲಿ ಗಾಳಿ ತೆಳುವಾಗಿ, ಮೇಲೇಳಲು ರನ್‌ವೇ ಜಾಸ್ತಿ ಬೇಕು.