ಓದುಗರ ಪ್ರಶ್ನೆ: ರೇಸ್ ಕಾರಿನ ಮಾದರಿಗೆ ನಿಖರತೆ ತರುವುದು ಹೇಗೆ?

ಪ್ರಶ್ನೆ: ಮೆಕ್‌ಲಾರೆನ್ ಎಂ23 ಫಾರ್ಮುಲಾ ಒನ್ ಕಾರಿನ 1/20 ಪ್ರಮಾಣದ ಪ್ಲಾಸ್ಟಿಕ್ ಕಿಟ್ ನನ್ನ ಬಳಿ ಇದೆ. ಅದು 1974ರ ಕಾರಿನ ಕಿಟ್. 1976ರಲ್ಲಿ ಜೇಮ್ಸ್ ಹಂಟ್ ಓಡಿಸಿದ ಕಾರನ್ನಾಗಿ ಅದನ್ನು ಕಟ್ಟಬೇಕೆಂದಿದ್ದೇನೆ. ಲೋಹದ ಬಿಡಿಭಾಗಗಳ ಸೆಟ್ ಕೊಂಡು ಅಂಟಿಸಿದರೆ ಸಾಕೇ, ಕಿಟ್ಟಿನ ಭಾಗಗಳನ್ನೇ ತಿದ್ದಬೇಕೇ?

ಉತ್ತರ: ಬಿಡಿಭಾಗಗಳ ಸೆಟ್ ಕೊನೆಯ ಮಾತು. ಮೊದಲು ನಿರ್ಧಾರವಾಗಬೇಕಾದದ್ದು ನೀವು ಕಟ್ಟುವ ಕಾರು ಯಾವ ರೇಸಿನದು ಎಂಬುದು. ‘1976ರ ಕಾರು’ ಎಂದಷ್ಟೇ ಹೇಳಿಕೊಂಡು ಹೊರಟರೆ ಕೆಲಸ ಕೆಡುತ್ತದೆ; ಏಕೆಂದರೆ ಆ ಒಂದೇ ವರ್ಷದಲ್ಲಿ ಎಂ23 ಹಲವು ಸಲ ರೂಪ ಬದಲಿಸಿತು. ವರ್ಷದ ಆರಂಭದ ರೇಸುಗಳಲ್ಲಿ ಚಾಲಕನ ತಲೆಯ ಹಿಂದೆ, ಎಂಜಿನ್ನಿಗೆ ಗಾಳಿ ಒದಗಿಸುವ ಎತ್ತರದ ಏರ್‌ಬಾಕ್ಸ್ ಇತ್ತು. ಮೇ ತಿಂಗಳಿನಿಂದ ಜಾರಿಗೆ ಬಂದ ನಿಯಮ ಅಂಥ ಏರ್‌ಬಾಕ್ಸ್‌ಗಳನ್ನು ನಿಷೇಧಿಸಿದ್ದರಿಂದ ಸ್ಪೇನಿನ ಹರಾಮಾ ರೇಸಿನ ಹೊತ್ತಿಗೆ ಅದು ತಗ್ಗಿತ್ತು. ಆ ರೇಸಿನ ನಂತರ ಆಯಿಲ್ ಕೂಲರ್‌ಗಳ ಜಾಗ ಬದಲಾಯಿತು, ಕಾರಿನ ವೇಗ ಕುಗ್ಗಿತು, ಆಮೇಲೆ ಅವು ಮತ್ತೆ ಹಳೆಯ ಜಾಗಕ್ಕೇ ಬಂದವು. ಅಕ್ಟೋಬರ್ 24ರಂದು ಜಪಾನಿನ ಫುಜಿಯಲ್ಲಿ, ಹಂಟ್ ಮೂರನೆಯವರಾಗಿ ಬಂದು ಒಂದೇ ಅಂಕದ ಅಂತರದಿಂದ ವಿಶ್ವ ಚಾಂಪಿಯನ್ ಆದ ರೇಸು ಮಳೆಯಲ್ಲಿ ಆರಂಭವಾದದ್ದರಿಂದ, ಆ ಕಾರಿಗೆ ಕಿಟ್ಟಿನಲ್ಲಿರುವ ನುಣುಪು ಟೈರುಗಳನ್ನು ಹಾಕಿ ‘ಫುಜಿಯ ಸಾಲಿನಲ್ಲಿ ನಿಂತ ಕಾರು’ ಎಂದರೆ ತಿಳಿದವರು ಒಪ್ಪುವುದಿಲ್ಲ. ಗೆರೆ ಕೊರೆದ ಮಳೆ ಟೈರುಗಳೇ ಬೇಕು.

ರೇಸು ಗೊತ್ತಾದ ಮೇಲೆ ಅಳತೆಯ ಕೆಲಸ. ಹರಾಮಾವನ್ನೇ ಆರಿಸಿಕೊಳ್ಳಿ ಎಂದು ನಾನು ಸಲಹೆ ಕೊಡುತ್ತೇನೆ, ಅಳತೆಯ ಮಹತ್ವ ಅಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ರೇಸು ನನಗೆ ತಿಳಿದಿಲ್ಲ. ಅಲ್ಲಿ ಮೊದಲಿಗರಾಗಿ ಬಂದ ಹಂಟ್ ಅವರನ್ನು, ಕಾರಿನ ಅಗಲ 215 ಸೆಂಟಿಮೀಟರ್ ಮಿತಿಯನ್ನು 1.8 ಸೆಂಟಿಮೀಟರ್‌ನಷ್ಟು ಮೀರಿದೆ ಎಂಬ ಕಾರಣಕ್ಕೆ ಅನರ್ಹಗೊಳಿಸಲಾಯಿತು. ಮೇಲ್ಮನವಿಯ ನಂತರ ಜುಲೈನಲ್ಲಿ ಗೆಲುವು ಮರಳಿ ಸಿಕ್ಕಿತು. ನಿಮ್ಮ ಪ್ರಮಾಣದಲ್ಲಿ 215 ಸೆಂಟಿಮೀಟರ್ ಎಂದರೆ 107.5 ಮಿಲಿಮೀಟರ್, ಹೆಚ್ಚಾಗಿದ್ದ ಭಾಗ 0.9 ಮಿಲಿಮೀಟರ್. ಅಂದರೆ ಅಂದು ರೇಸು ಓಡಿದ ಕಾರಿನ ಮಾದರಿ ಒಂದು ಟೈರಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ 108.4 ಮಿಲಿಮೀಟರ್ ಇರಬೇಕು. ಹಿಂಚಕ್ರಗಳ ಅಚ್ಚನ್ನು (ಆಕ್ಸಲ್) ಅಂಟು ಹಾಕದೆ ಜೋಡಿಸಿ, ಚಕ್ರಗಳನ್ನು ತೊಡಿಸಿ, ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಹೆಚ್ಚು ಕಡಿಮೆ ಬಂದರೆ ಎರಡೂ ಬದಿಯಲ್ಲಿ ಸಮನಾಗಿ ಅರ್ಧರ್ಧ ಅರೆದು ತೆಗೆಯಿರಿ, ಇಲ್ಲವೇ ತೆಳು ಪ್ಲಾಸ್ಟಿಕ್ ಬಿಲ್ಲೆ ಸೇರಿಸಿ. ಒಂದೇ ಬದಿಯನ್ನು ತಿದ್ದಿದರೆ ಕಾರು ಒಂದು ಕಡೆಗೆ ಸರಿದಂತೆ ಕಾಣುತ್ತದೆ, ಆ ದೋಷವನ್ನು ಎಷ್ಟು ಚೆಂದದ ಬಣ್ಣವೂ ಮುಚ್ಚಲಾರದು. ಸಸ್ಪೆನ್ಷನ್ ಅಂಟಿಸುವ ಹೊತ್ತಿನಲ್ಲಿ ಕಾರನ್ನು ಗಾಜಿನ ಹಲಗೆಯ ಮೇಲಿಟ್ಟು, ನಾಲ್ಕೂ ಚಕ್ರಗಳು ನೆಲ ಮುಟ್ಟಿವೆ ಎಂಬುದನ್ನು ಖಚಿತಪಡಿಸಿಕೊಂಡು, ಅಂಟು ಪೂರ್ತಿ ಒಣಗುವವರೆಗೆ ಅಲ್ಲಿಂದ ಕದಲಿಸಬೇಡಿ.

ಇನ್ನು ದಪ್ಪದ ವಿಷಯ. ಕಿಟ್ಟಿನ ರೆಕ್ಕೆಯ ತುದಿಫಲಕ ಒಂದು ಮಿಲಿಮೀಟರ್ ದಪ್ಪವಿದ್ದರೆ ಅದು ನಿಜದ ಕಾರಿನಲ್ಲಿ ಎರಡು ಸೆಂಟಿಮೀಟರ್ ದಪ್ಪದ ಹಲಗೆಯಾಗುತ್ತದೆ. ಅಂಥದ್ದನ್ನು ಯಾವ ರೇಸ್ ತಂಡವೂ ಬಳಸುವುದಿಲ್ಲ. 0.3 ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯಿಂದ ಹೊಸದಾಗಿ ಕತ್ತರಿಸಿಕೊಳ್ಳುವುದು ಒಳ್ಳೆಯದು, ಅದಾಗದಿದ್ದರೆ ಕಾಣುವ ಅಂಚನ್ನಷ್ಟೇ ಒಳಗಿನಿಂದ ಇಳಿಜಾರಾಗಿ ಅರೆದರೂ ಕಣ್ಣಿಗೆ ತೆಳುವಾಗಿ ಕಾಣುತ್ತದೆ. ಎಂಜಿನ್ ಕಾಸ್‌ವರ್ತ್ ಡಿಎಫ್‌ವಿ, ಎಂಟು ಸಿಲಿಂಡರಿನದು. ಅದರ ಗಾಳಿ ಎಳೆಯುವ ಎಂಟು ಕಹಳೆಗಳು ಕಿಟ್ಟಿನಲ್ಲಿ ಬಾಯಿ ಮುಚ್ಚಿದಂತಿದ್ದರೆ ಕೈ ಡ್ರಿಲ್ಲಿನಿಂದ ಕೊರೆದು, ಬಾಯಂಚನ್ನು ಚಾಕುವಿನ ತುದಿಯಿಂದ ತೆಳುಗೊಳಿಸಿ. ಪ್ಲಗ್ ವೈರುಗಳಿಗೆ 0.4 ಮಿಲಿಮೀಟರ್‌ನ ಎಳೆ ಸಾಕು, ಅದಕ್ಕಿಂತ ದಪ್ಪದ್ದು ಹಾಕಿದರೆ ನೀರಿನ ಪೈಪಿನಂತೆ ಕಾಣುತ್ತದೆ. ಮೂರು ಇಂಚಿನ ಭುಜದ ಬೆಲ್ಟ್ ನಿಮ್ಮ ಮಾದರಿಯಲ್ಲಿ ನಾಲ್ಕು ಮಿಲಿಮೀಟರಿಗಿಂತ ತುಸು ಕಡಿಮೆ ಅಗಲವಿರಬೇಕು.

ಪ್ರಶ್ನೆ: ನಿಜದ ಕಾರಿನ ಆಕಾರ ತಿಳಿಯಲು ಯಾವ ಚಿತ್ರಗಳನ್ನು ನಂಬಬೇಕು? ಮ್ಯೂಸಿಯಂನಲ್ಲಿರುವ ಕಾರುಗಳ ಚಿತ್ರಗಳು ಬಹಳ ಸ್ಪಷ್ಟವಾಗಿರುತ್ತವೆ.

ಉತ್ತರ: ಸ್ಪಷ್ಟವಾಗಿರುತ್ತವೆ ನಿಜ, ಆದರೆ ಅವು ದುರಸ್ತಿಯಾದ ಕಾರುಗಳು. ಟೈರು, ಬೆಲ್ಟು, ಕನ್ನಡಿ, ಪ್ರಾಯೋಜಕರ ಹೆಸರುಗಳು ಎಲ್ಲವೂ ಮರುಜೋಡಣೆಯ ವೇಳೆ ಬದಲಾಗಿರಬಹುದು. ಚೌಕಟ್ಟಿನ ರಿವೆಟ್ ಸಾಲು, ಪೈಪುಗಳ ಹಾದಿಯಂಥ ಸೂಕ್ಷ್ಮಗಳಿಗೆ ಅವುಗಳನ್ನು ನೋಡಿ; ಆ ದಿನ ಕಾರು ಹೇಗಿತ್ತೆಂಬುದಕ್ಕೆ ಆ ರೇಸಿನಲ್ಲೇ ತೆಗೆದ ಚಿತ್ರವೇ ಪ್ರಮಾಣ. ಅಳೆಯುವುದಕ್ಕೆ ದೂರದಿಂದ, ನೇರ ಬದಿಯಿಂದ ತೆಗೆದ ಚಿತ್ರವನ್ನು ಆರಿಸಿ, ಏಕೆಂದರೆ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂತಿ ಉದ್ದವಾಗಿ ಕಾಣುತ್ತದೆ. 13 ಇಂಚಿನ ಚಕ್ರದ ರಿಮ್ಮನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಉಳಿದ ಭಾಗಗಳ ಅಂದಾಜು ಸಿಗುತ್ತದೆ.

ಪ್ರಶ್ನೆ: ಕಿಟ್ಟಿನ ಡೀಕಲ್‌ಗಳು (ಮಾದರಿಯ ಮೇಲೆ ಅಂಟಿಸುವ ತೆಳು ಚಿತ್ರ, ಅಕ್ಷರಗಳು) ಹಳದಿಯಾಗಿವೆ, ಕೆಂಪು ಬಣ್ಣದ ಮೇಲಿಟ್ಟ ಬಿಳಿ ಮಂಕಾಗಿಯೂ ಕಾಣುತ್ತದೆ. ಪರಿಹಾರವಿದೆಯೇ?

ಉತ್ತರ: ಹಾಳೆಯನ್ನು ಪಾರದರ್ಶಕ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ದಿನ ಅಂಟಿಸಿಡಿ, ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಮಂಕಾದ ಬಿಳಿಗೆ ಡೀಕಲ್ಲನ್ನು ನೆಚ್ಚಬೇಡಿ: ಬಿಳಿ ಬರುವ ಜಾಗಕ್ಕೆ ಮೊದಲೇ ಬಿಳಿ ಬಣ್ಣ ಹೊಡೆದು, ಅಂಚಿಗೆ ಟೇಪು ಕಟ್ಟಿ, ನಂತರ ಕೆಂಪು ಹೊಡೆಯಿರಿ. ಪ್ರತಿ ಪದರವೂ ತೆಳುವಾಗಿರಲಿ. ಬಣ್ಣ ದಪ್ಪವಾದರೆ ಮೂತಿ, ಎಂಜಿನ್ ಹೊದಿಕೆಯಂಥ ಭಾಗಗಳ ನಡುವಿನ ಗೀರುಗಳು ತುಂಬಿಹೋಗುತ್ತವೆ. ಆದ್ದರಿಂದ ಪ್ರೈಮರ್‌ಗೂ ಮೊದಲೇ ಆ ಗೀರುಗಳನ್ನು ಸೂಜಿಯಿಂದ ಹಗುರವಾಗಿ ಮತ್ತೊಮ್ಮೆ ಎಳೆದುಕೊಳ್ಳಿ.