ಉಪವಾಸ ಮಾಡಿದರೆ ಮಿದುಳಿನ ಪ್ರೋಟೀನ್ ಗಂಟು ಕರಗುತ್ತದೆಯೇ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ಪಾರ್ಕಿನ್ಸನ್ ಇದೆ. ದಿನಕ್ಕೆ 16 ಗಂಟೆ ಉಪವಾಸವಿದ್ದರೆ ‘ಆಟೊಫೇಜಿ’ ಶುರುವಾಗಿ, ಮಿದುಳಿನ ಪ್ರೋಟೀನ್ ಗಂಟುಗಳನ್ನು ಜೀವಕೋಶಗಳೇ ತಿಂದುಹಾಕುತ್ತವೆ ಎಂದು ವಿಡಿಯೊ ಒಂದರಲ್ಲಿ ಹೇಳಿದರು. ನಿಜವೇ?

ಉತ್ತರ: ಆಟೊಫೇಜಿ, ಅಂದರೆ ಕೋಶ ತನ್ನೊಳಗಿನ ಕಸವನ್ನು ತಾನೇ ಅರಗಿಸುವುದು, ನಿಜ. ಯೀಸ್ಟ್‌ನಲ್ಲಿ ಅದರ ಜೀನ್‌ಗಳನ್ನು ಪತ್ತೆಹಚ್ಚಿದ ಯೊಶಿನೊರಿ ಒಸುಮಿ ಅವರಿಗೆ 2016ರ ನೊಬೆಲ್ ಬಂದದ್ದೂ ನಿಜ. ವಿಡಿಯೊ ಎಡವಿದ್ದು ಆಮೇಲೆ.

ಕೆಟ್ಟ ಪ್ರೋಟೀನ್ ಇನ್ನೂ ಬಿಡಿಯಾಗಿದ್ದರೆ ಅದಕ್ಕೆ ಯುಬಿಕ್ವಿಟಿನ್ ಎಂಬ, 76 ಅಮೈನೊ ಆಮ್ಲಗಳ ಪುಟ್ಟ ಚೀಟಿ ಅಂಟುತ್ತದೆ. ಚೀಟಿಗೆ ಚೀಟಿ ಸೇರಿ ಸರಪಳಿ ಬೆಳೆದಾಗ, ಪ್ರೋಟೀನ್ ಕತ್ತರಿಸುವ ಪ್ರೋಟಿಯಾಸೋಮ್ ಎಂಬ ಯಂತ್ರ ಅದನ್ನು ಹಿಡಿದು, ಮಡಿಕೆ ಬಿಚ್ಚಿ, ಒಳಗೆಳೆದು ಕತ್ತರಿಸುತ್ತದೆ. ಅದರ ಬಾಯಿ 1–2 ನ್ಯಾನೊಮೀಟರ್ ಅಷ್ಟೆ. ಬಿಚ್ಚಿದ ನೂಲು ಹೋಗುತ್ತದೆ, ಗಂಟು ಹೋಗದು.

ಗಂಟಿಗೆ ಉಳಿಯುವ ದಾರಿ ಆಟೊಫೇಜಿ. ಪಿ62ನಂಥ ಪ್ರೋಟೀನ್ ಒಂದು ತುದಿಯಲ್ಲಿ ಯುಬಿಕ್ವಿಟಿನ್ ಚೀಟಿಯನ್ನು, ಇನ್ನೊಂದರಲ್ಲಿ ಚೀಲವಾಗಲಿರುವ ಪೊರೆಯ ಮೇಲಿನ ಎಲ್‌ಸಿ3 ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಗಂಟಿನ ಸುತ್ತ ಜೋಡಿ ಪೊರೆಯ ಚೀಲ ಮುಚ್ಚಿಕೊಳ್ಳುತ್ತದೆ. ಚೀಲ ಕೋಶದ ಹೊಟ್ಟೆಯಂತಿರುವ ಲೈಸೋಸೋಮ್ ಜತೆ ಬೆರೆತ ಮೇಲೆ, ಪಿಎಚ್ 4.5–5ರ ಆಮ್ಲದಲ್ಲಿ ಕಿಣ್ವಗಳು ಒಳಗಿದ್ದುದನ್ನು ಅರಗಿಸುತ್ತವೆ. ಆದರೆ ಚೀಲದ ಅಡ್ಡಳತೆ ಸಾಮಾನ್ಯವಾಗಿ 0.5ರಿಂದ 1.5 ಮೈಕ್ರಾನ್. ಪಾರ್ಕಿನ್ಸನ್‌ನಲ್ಲಿ ಕಾಣುವ ಲೆವಿ ಬಾಡಿ ಎಂಬ ಗಂಟು 10 ಮೈಕ್ರಾನ್ ಆಸುಪಾಸು ಇರಬಹುದು. ಇಡಿಯಾಗಿ ತುಂಬಲಾಗದು, ಮೊದಲು ಮುರಿಯಬೇಕು. ಎಚ್‌ಎಸ್‌ಪಿ70 ಮತ್ತು ಅದರ ಸಂಗಡಿಗ ಪ್ರೋಟೀನ್‌ಗಳು ಲೆವಿ ಬಾಡಿಯ ಮುಖ್ಯ ಪ್ರೋಟೀನ್ ಆದ ಆಲ್ಫಾ ಸೈನ್ಯೂಕ್ಲಿಯಿನ್‌ನ ನಾರುಗಳನ್ನು ಮುರಿಯಬಲ್ಲವು ಎಂಬುದನ್ನು ಪ್ರಯೋಗಾಲಯದಲ್ಲಿ ತೋರಿಸಲಾಗಿದೆ. ಅಪಾಯವೂ ಅಲ್ಲೇ ಇದೆ: ಅರೆಬರೆ ಮುರಿದ ತುಂಡು ಹೊಸ ಗಂಟಿಗೆ ಹೆಪ್ಪು ಹಾಕಿದಂತೆ.

ನರಕೋಶದ ಪಾಡು ಇನ್ನೂ ಕಷ್ಟ. ಅದು ವಿಭಜನೆಯಾಗುವುದಿಲ್ಲ, ಕಸವನ್ನು ಮರಿಕೋಶಗಳಿಗೆ ಹಂಚಿ ಹಗುರಾಗುವಂತಿಲ್ಲ. ಆಕ್ಸಾನ್ ಎಂಬ ಅದರ ಉದ್ದನೆಯ ಎಳೆಯ ತುದಿಯಲ್ಲಿ ಕಟ್ಟಿದ ಚೀಲ ಕೋಶದ ಒಡಲಿನವರೆಗೆ ನಡೆಯಬೇಕು. ಸೆಕೆಂಡಿಗೆ 1 ಮೈಕ್ರಾನ್‌ನಂತೆ ಎಲ್ಲೂ ನಿಲ್ಲದೆ ಹೋದರೂ ಒಂದು ಮೀಟರ್ ಸಾಗಲು 11 ದಿನ ದಾಟುತ್ತದೆ.

ಇನ್ನು ಉಪವಾಸ. ಹಸಿವು ಎಂಟಾರ್ ಎಂಬ ಸ್ವಿಚ್ಚನ್ನು ಇಳಿಸಿ ಆಟೊಫೇಜಿಯನ್ನು ಏರಿಸುತ್ತದೆ, ಆದರೆ ಮುಖ್ಯವಾಗಿ ಯಕೃತ್ತು, ಸ್ನಾಯುಗಳಲ್ಲಿ. ಎಲ್ಲ ಅಂಗ ಸೊರಗಿದರೂ ಮಿದುಳಿಗೆ ಆಹಾರ ತಪ್ಪದಂತೆ ದೇಹ ನೋಡಿಕೊಳ್ಳುತ್ತದೆ. 2004ರಲ್ಲಿ ಇಲಿಗಳನ್ನು ಉಪವಾಸ ಕೆಡವಿ ನೋಡಿದಾಗ ಮಿದುಳಿನಲ್ಲಿ ಎದ್ದು ಕಾಣುವ ಏರಿಕೆ ಇರಲಿಲ್ಲ. ಸ್ವಲ್ಪ ಏರುತ್ತದೆ ಎಂದು ನಂತರದ ಪ್ರಯೋಗ ಹೇಳಿತು. ಹಸಿವಿನ ಆಟೊಫೇಜಿ ಸಿಕ್ಕಿದ್ದನ್ನು ಬಾಚುತ್ತದೆ, ಗಂಟನ್ನೇ ಹುಡುಕಿ ಹಿಡಿಯುವುದಿಲ್ಲ.

ನಮ್ಮ ದೃಷ್ಟಿಯಲ್ಲಿ ಮುಖ್ಯವಾದದ್ದು ಬೇರೆಯೇ. ಈ ಕಾಯಿಲೆಗಳಲ್ಲಿ ಕೆಲಸ ಕೆಡುವುದು ಹಲವು ಸಲ ಕೊನೆಯಲ್ಲಿ, ಲೈಸೋಸೋಮ್‌ನಲ್ಲಿ. ಪಾರ್ಕಿನ್ಸನ್ ರೋಗಿಗಳ ಪೈಕಿ ನೂರಕ್ಕೆ ಸುಮಾರು 5ರಿಂದ 15 ಮಂದಿಯಲ್ಲಿ ಜಿಬಿಎ1 ಜೀನ್ ಬದಲಾಗಿರುತ್ತದೆ. ಅದು ಲೈಸೋಸೋಮ್‌ನ ಕಿಣ್ವವೊಂದರ ಜೀನ್. ಅರಗಿಸುವುದು ನಿಂತಿರುವಾಗ ಇನ್ನಷ್ಟು ಚೀಲ ಕಟ್ಟಿದರೆ ರಾಶಿ ಬೆಳೆಯುತ್ತದೆ ಅಷ್ಟೆ. ಚೀಲ ಹೆಚ್ಚಿದ್ದನ್ನು ಕಂಡು ‘ಆಟೊಫೇಜಿ ಹೆಚ್ಚಿತು’ ಎಂದು ಬರೆಯುವ ತಪ್ಪು ಪ್ರಯೋಗಾಲಯದಲ್ಲೂ ಆಗುತ್ತದೆ. ಲೈಸೋಸೋಮನ್ನು ತಡೆಯುವ ಬ್ಯಾಫಿಲೊಮೈಸಿನ್ ಹಾಕಿ, ಹಾಕದೆ, ಎರಡನ್ನೂ ಅಳೆದರೇ ಹರಿವು, ಅಂದರೆ ಕಸ ನಿಜಕ್ಕೂ ಎಷ್ಟು ಅರಗುತ್ತಿದೆ ಎಂಬುದು, ತಿಳಿಯುವುದು.

ತಂದೆಯವರ ಮಟ್ಟಿಗೆ: ಪಾರ್ಕಿನ್ಸನ್‌ನಲ್ಲಿ ತೂಕ ಇಳಿಯುವುದು ಸಾಮಾನ್ಯ, ಉಪವಾಸ ಅದನ್ನು ಹೆಚ್ಚಿಸಬಹುದು. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ಕುಸಿಯಬಹುದು. ಊಟದ ಹೊತ್ತು ಬದಲಾಯಿತೆಂದು ಪಾರ್ಕಿನ್ಸನ್ ಔಷಧ ಲೆವೊಡೋಪಾ ಬಿಡಬೇಡಿ, ಹಠಾತ್ತನೆ ನಿಲ್ಲಿಸುವುದು ಅಪಾಯ. ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ ಕೊಡುವುದು ರೂಢಿ, ಏಕೆಂದರೆ ಊಟದ ಪ್ರೋಟೀನ್ ಅದರ ಹೀರಿಕೆಗೆ ಪೈಪೋಟಿ ಕೊಡುತ್ತದೆ.

ಪ್ರಶ್ನೆ: ಅಲ್ಜೈಮರ್‌ಗೆ ಬಂದಿರುವ ಲೆಕಾನೆಮ್ಯಾಬ್ ಕೂಡ ಆಟೊಫೇಜಿ ಹೆಚ್ಚಿಸುವ ಔಷಧವೇ?

ಉತ್ತರ: ಅಲ್ಲ. ಅದು ಪ್ರತಿಕಾಯ. ಕೋಶದ ಹೊರಗೆ ಕಟ್ಟುವ ಅಮೈಲಾಯ್ಡ್ ಎಂಬ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ, ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಬಂದು ನುಂಗುತ್ತವೆ. ಕೋಶದೊಳಗಿನ ಟೌ ಎಂಬ ಪ್ರೋಟೀನಿನ ಗಂಟನ್ನು ಅದು ಹಿಡಿಯುವುದಿಲ್ಲ. ಮಿದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ ಆಗಬಹುದಾದ್ದರಿಂದ ಶುರುವಿಗೆ ಮುಂಚೆಯೂ ಮೊದಲ ತಿಂಗಳುಗಳಲ್ಲೂ ಎಂಆರ್‌ಐ ಮಾಡಿಸಬೇಕು.