ಬಲೂನ್ ಊದಿದರೆ ತುಟಿ ಊದುತ್ತದೆ, ರೂಟ್ ಕೆನಾಲ್‌ಗೆ ಹೋಗಬಹುದಾ?

ಪ್ರಶ್ನೆ: ನನಗೆ 34 ವರ್ಷ. ಮಗಳ ಹುಟ್ಟುಹಬ್ಬಕ್ಕೆ ಬಲೂನ್ ಊದುತ್ತಿದ್ದಾಗ ತುಟಿ ದಪ್ಪಗಾಗಿ ತುರಿಕೆ ಶುರುವಾಯಿತು. ಹಿಂದೆಯೂ ಒಮ್ಮೆ ಹೀಗೇ ಆಗಿತ್ತು. ಬಾಳೆಹಣ್ಣು ತಿಂದರೂ ಬಾಯಿ ಕಡಿಯುತ್ತದೆ. ಮುಂದಿನ ವಾರ ರೂಟ್ ಕೆನಾಲ್ ಇದೆ. ಇಷ್ಟು ಸಣ್ಣ ವಿಷಯವನ್ನು ಡಾಕ್ಟರಿಗೆ ಹೇಳಬೇಕಾ? ಅಲರ್ಜಿ ಮಾತ್ರೆ ನುಂಗಿ ಹೋದರೆ ಸಾಲದಾ?

ಉತ್ತರ: ಹೇಳಲೇಬೇಕು. ಕುರ್ಚಿಯಲ್ಲಿ ಒರಗಿದ ಮೇಲಲ್ಲ, ಇವತ್ತೇ ಫೋನ್ ಮಾಡಿ ಹೇಳಿ. ಇದು ಸಣ್ಣ ವಿಷಯ ಅಲ್ಲ. ಬಲೂನು, ತುಟಿ, ಬಾಳೆಹಣ್ಣು ಈ ಮೂರನ್ನೂ ಒಟ್ಟಿಗೆ ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಲ್ಯಾಟೆಕ್ಸ್ ಅಲರ್ಜಿಯ ಮೇಲೆ. ಲ್ಯಾಟೆಕ್ಸ್ ಅಂದರೆ ರಬ್ಬರ್ ಮರದ ಹಾಲು. ಅದರಲ್ಲಿರುವ ಪ್ರೋಟೀನ್ ಕೆಲವರ ಮೈಗೆ ಆಗುವುದಿಲ್ಲ. ಬಾಳೆ, ಕಿವಿ, ಬೆಣ್ಣೆಹಣ್ಣಿನಲ್ಲೂ ಅದನ್ನೇ ಹೋಲುವ ಪ್ರೋಟೀನ್ ಇದೆ. ಹಾಗಾಗಿ ಈ ಅಲರ್ಜಿ ಇರುವ ಕೆಲವರಿಗೆ ಆ ಹಣ್ಣುಗಳೂ ಒಗ್ಗುವುದಿಲ್ಲ.

ಡಾಕ್ಟರ್ ಬೇರೆ ಗ್ಲೌಸ್ ಹಾಕಿಕೊಂಡರೆ ಮುಗಿಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ನಾನೂ ಹಲ್ಲಿನ ಡಾಕ್ಟರಾದ ಹೊಸತರಲ್ಲಿ ಹಾಗೇ ತಿಳಿದಿದ್ದೆ. ರಬ್ಬರ್ ಆಗುವುದಿಲ್ಲ ಅಂತ ಒಬ್ಬರು ಮೊದಲೇ ಹೇಳಿದ್ದರು. ನೀಲಿ ನೈಟ್ರೈಲ್ ಗ್ಲೌಸ್ ಹಾಕಿಕೊಂಡೆ, ಅದು ಸರಿಯೇ. ಆದರೆ ರೂಟ್ ಕೆನಾಲ್ ಮಾಡುವಾಗ ಎಂಜಲು ತಾಗದಿರಲಿ ಅಂತ ಹಲ್ಲಿನ ಸುತ್ತ ಒಂದು ತೆಳು ಹಾಳೆ ಬಿಗಿಯುತ್ತೇವೆ, ಅದಕ್ಕೆ ರಬ್ಬರ್ ಡ್ಯಾಮ್ ಅನ್ನುತ್ತಾರೆ. ಅದು ಲ್ಯಾಟೆಕ್ಸಿನದು ಅನ್ನುವುದು ಹೊಳೆಯಲೇ ಇಲ್ಲ. ಐದು ನಿಮಿಷಕ್ಕೆ ಅವರು ಕೈ ಎತ್ತಿದರು. ಹಾಳೆ ತೆಗೆದೆ. ಅದು ತಾಗಿದ್ದಲ್ಲೆಲ್ಲ ಚರ್ಮ ಕೆಂಪಾಗಿ ದದ್ದು ಎದ್ದಿತ್ತು, ಕೆಳತುಟಿ ಒಂದು ಪಕ್ಕಕ್ಕೆ ಊದಿತ್ತು. ಉಸಿರಿಗೆ ತೊಂದರೆ ಆಗಲಿಲ್ಲ. ಆದರೂ ಆ ಮಧ್ಯಾಹ್ನ ಪೂರ್ತಿ ಅವರ ಪಕ್ಕದಲ್ಲೇ ಕೂತಿದ್ದೆ. ತಪ್ಪು ನನ್ನದು, ಅವರು ಹೇಳಬೇಕಾದದ್ದನ್ನು ಹೇಳಿಯೇ ಇದ್ದರು.

ಅದಕ್ಕೇ ಫೋನಿನಲ್ಲಿ ಬಿಡಿಸಿ ಕೇಳಿ. ಡ್ಯಾಮ್ ಯಾವುದರದ್ದು? ಹಲ್ಲು ಪಾಲಿಶ್ ಮಾಡುವ ಪುಟ್ಟ ರಬ್ಬರ್ ಕಪ್? ಬಾಯಿ ತೆರೆದಿಡಲು ಕಚ್ಚಿಸುವ ಬ್ಲಾಕ್? ಬಿಪಿ ನೋಡುವ ಪಟ್ಟಿ? ಜೋಮು ಹಿಡಿಸುವ ಇಂಜೆಕ್ಷನ್ ಕೊಳವೆಯ ಬಿರಡೆ? ಎಲ್ಲದಕ್ಕೂ ಲ್ಯಾಟೆಕ್ಸ್ ಇಲ್ಲದ ಬದಲಿ ಸಿಗುತ್ತದೆ. ಹಲ್ಲಿನ ಬೇರಿನೊಳಗೆ ತುಂಬುವ ಗಟ್ಟಾಪರ್ಚಾ ಅನ್ನುವ ರಬ್ಬರಿನಂಥ ವಸ್ತು ಬೇರೆ ಜಾತಿಯ ಮರದ್ದು, ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆದರೂ ಅದರ ಬಗ್ಗೆಯೂ ಮಾತಾಡಿಕೊಳ್ಳಿ.

ದಿನದ ಮೊದಲ ಅಪಾಯಿಂಟ್‌ಮೆಂಟ್ ಕೇಳಿ. ಪುಡಿ ಹಚ್ಚಿದ ಲ್ಯಾಟೆಕ್ಸ್ ಗ್ಲೌಸ್ ಬಳಸುವ ಕಡೆ ಆ ಪುಡಿಗೆ ಪ್ರೋಟೀನ್ ಅಂಟಿ ಗಾಳಿಯಲ್ಲಿ ತೇಲುತ್ತದೆ. ಮುಟ್ಟದೆಯೂ ಕೆಮ್ಮು, ಉಬ್ಬಸ ಬರಬಹುದು. ಅಮೆರಿಕದಲ್ಲಿ 2017ರಿಂದ ವೈದ್ಯರು ಪುಡಿ ಗ್ಲೌಸ್ ಬಳಸುವಂತೆಯೇ ಇಲ್ಲ. ಬೆಳಿಗ್ಗೆ ಮೊದಲು ಹೋದರೆ ಗಾಳಿ ಆದಷ್ಟು ತಿಳಿಯಾಗಿರುತ್ತದೆ.

ಮಾತ್ರೆ ನುಂಗಿ ಸುಮ್ನೆ ಹೋಗುವುದು ಮಾತ್ರ ಖಂಡಿತ ಬೇಡ. ಅದು ತುರಿಕೆ ತಗ್ಗಿಸೀತು, ಗಂಟಲು ಕಟ್ಟುವುದನ್ನಾಗಲಿ ಬಿಪಿ ಕುಸಿಯುವುದನ್ನಾಗಲಿ ತಡೆಯುವುದಿಲ್ಲ. ಅಂಥ ಹೊತ್ತಿಗೆ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್. ಕ್ಲಿನಿಕ್ಕಿನಲ್ಲಿ ಅದು ಇದೆಯಾ ಅಂತ ಕೇಳಲು ಸಂಕೋಚ ಬೇಡ.

ಗ್ಲೌಸ್ ಹಾಕಿದ ಮಾರನೆಯ ದಿನವೋ ಅದರ ಮರುದಿನವೋ ಕೈ ಒಡೆದು ತುರಿಸಿದರೆ ಅದು ಬೇರೆ ಕಥೆ. ಹೆಚ್ಚಾಗಿ ಅದು ರಬ್ಬರ್ ತಯಾರಿಸುವಾಗ ಬೆರೆಸುವ ರಾಸಾಯನಿಕಗಳಿಂದ ಆಗುತ್ತದೆ. ನಿಮ್ಮದು ಕೂಡಲೇ ಆಗಿದೆ, ಅದಕ್ಕೇ ನನಗೆ ಆತಂಕ. ಅಲರ್ಜಿ ತಜ್ಞರ ಹತ್ತಿರ ಚರ್ಮದ ಅಥವಾ ರಕ್ತದ ಪರೀಕ್ಷೆ ಮಾಡಿಸಿ. ಅದರ ಫಲಿತಾಂಶ ಬರುವವರೆಗೂ ಹಲ್ಲುನೋವು ತಡ್ಕೊಂಡು ಕೂರುವುದು ಬೇಡ. ಅಲರ್ಜಿ ಇದೆ ಅಂತಲೇ ಲೆಕ್ಕ ಹಿಡಿದು, ಲ್ಯಾಟೆಕ್ಸ್ ಇಲ್ಲದ ಸಾಮಾನಿನಲ್ಲೇ ನಿಮ್ಮ ರೂಟ್ ಕೆನಾಲ್ ಮಾಡಬಹುದು.